ಹೊಟ್ಟು ಬೀಸಿದ ಕೈ

"ಬುದ್ಧೀ, ದೇಹ ನಶ್ವರವೆಂದು ದಿನಾ ಹೇಳುತ್ತೀರಿ. ಆದರೆ ಸಂತೆಯಲ್ಲಿ ಒಂದು ಚೊಂಬು ಕೊಳ್ಳಬೇಕಾದರೆ ಬಾರಿಸಿ ನೋಡುತ್ತೀರಿ, ತೂಗಿ ನೋಡುತ್ತೀರಿ, ಬೆಸುಗೆಯ ಮೇಲೆ ಉಗುರಾಡಿಸಿ ನೋಡುತ್ತೀರಿ. ನಾಳೆ ಹೋಗುವವರಿಗೆ ನೂರು ವರ್ಷ ಬಾಳುವ ಚೊಂಬು ಏತಕ್ಕೆ?"

ಹೀಗೆ ಕೇಳಿದ ಶಿಷ್ಯ ಮಠಕ್ಕೆ ಹೊಸಬ. ತನ್ನ ಪ್ರಶ್ನೆಯನ್ನು ತಾನೇ ಮೆಚ್ಚಿಕೊಂಡು ಉಳಿದವರ ಮುಖ ನೋಡಿದ. ಗುರುಗಳು ನಕ್ಕು, "ಕೂತುಕೋ, ಒಂದು ಕತೆ ಹೇಳುತ್ತೇನೆ" ಎಂದರು.

ಒಬ್ಬ ರೈತನಿದ್ದ. ಅವನಿಗೆ ಒಬ್ಬಳೇ ಮಗಳು, ಸಾವಂತ್ರೆವ್ವ. ಅವಳು ತೊಟ್ಟಿಲಲ್ಲಿರುವಾಗಲೇ ತಾಯಿ ತೀರಿಕೊಂಡಳು. ಅಜ್ಜಿ ಸಾಕಿದಳು, ಬೀಸುವ ಕಲ್ಲಿನ ಗೂಟ ಹಿಡಿಯುವುದನ್ನು ಕಲಿಸಿದಳು, ಮೊಮ್ಮಗಳು ದೊಡ್ಡವಳಾಗುವ ಹೊತ್ತಿಗೆ ತಾನೂ ಹೋದಳು. ಸಾವಂತ್ರೆವ್ವನಿಗೆ ಮದುವೆ ಗೊತ್ತಾಯಿತು.

ಆ ಸೀಮೆಯಲ್ಲಿ ಮಗಳ ಜೊತೆಗೆ ಒಂದು ಬೀಸುವ ಕಲ್ಲನ್ನು ಕಳಿಸುವುದು ಪದ್ಧತಿ. ಆ ಕಲ್ಲಿನಲ್ಲಿ ಜೋಳ ಬೀಸಿ, ರೊಟ್ಟಿ ಬಡಿದು, ಗಂಡನ ಮನೆಯ ಹಿರಿಯರಿಗೆ ಉಣಬಡಿಸಬೇಕು. ಆಮೇಲೆಯೇ ಅವಳು ಆ ಮನೆಯ ಸೊಸೆ. ಸಂತೆಯಲ್ಲಿ ಇದಕ್ಕೆಂದೇ ಕಲ್ಲು ಸಿಗುತ್ತಿದ್ದವು. ಮೆದು ಕಲ್ಲು, ಕಟೆಯಲು ಸುಲಭ, ಮೇಲೆ ಕೆಮ್ಮಣ್ಣು ಸುಣ್ಣದಲ್ಲಿ ಹೂಬಳ್ಳಿ. ನೋಡಿದರೆ ಕಣ್ಣು ತುಂಬುತ್ತಿತ್ತು. ಎಲ್ಲರೂ ಅದನ್ನೇ ಕೊಳ್ಳುತ್ತಿದ್ದರು, ಸವೆದರೆ ಮತ್ತೊಂದನ್ನು ಕೊಳ್ಳುತ್ತಿದ್ದರು.

ರೈತನಿಗೆ ಅದು ಒಗ್ಗಲಿಲ್ಲ. ಅವನ ಮನೆಯಲ್ಲಿ ತಲೆತಲಾಂತರದಿಂದ ಸವೆಯದೆ ಬಂದ ಹಳೆಯ ಕಲ್ಲೊಂದಿತ್ತು, ಅದನ್ನು ಕದಲಿಸುವ ಹಾಗಿರಲಿಲ್ಲ. ಅಂಥದೇ ಇನ್ನೊಂದು ಬೇಕೆಂದು ಗುಡ್ಡ ಹತ್ತಿದ. ಕಂಡ ಬಂಡೆಯನ್ನೆಲ್ಲ ಸುತ್ತಿಗೆಯಿಂದ ಬಡಿದು, ಕಿವಿಗೊಟ್ಟು, ಕೊನೆಗೆ ಗಂಟೆಯ ದನಿ ಕೊಟ್ಟ ಒಂದು ಕರಿಕಲ್ಲನ್ನು ಆರಿಸಿದ. ಅದನ್ನು ಕಟೆಯಲು ಕೂತ ಕಲ್ಲುಕುಟಿಗನ ಉಳಿಗಳೆಲ್ಲ ಮೊಂಡಾದವು. ಅವನು ಕಲ್ಲನ್ನೂ ಬೈದ, ಕಲ್ಲು ತಂದವನನ್ನೂ ಬೈದ. ಮದುವೆಯ ಹೊತ್ತಿಗೆ ಕಲ್ಲು ಮುಗಿಯಲಿಲ್ಲ. ಸಾವಂತ್ರೆವ್ವ ಬರಿಗೈಯಲ್ಲಿ ಗಂಡನ ಮನೆ ಹೊಕ್ಕಳು. ಬೀಗರೂರಿನ ಬಾಯಿಗೆ ಅಷ್ಟು ಸಾಕಾಯಿತು. ಜನ ಆಡಿಕೊಂಡರು, ಅವಳು ಕೇಳಿಕೊಂಡಳು.

ಕಡೆಗೊಂದು ದಿನ ಅಪ್ಪ ಗಾಡಿಯಲ್ಲಿ ಕಲ್ಲು ಹೇರಿಕೊಂಡು ತಾನೇ ಬಂದ. ಅದರ ಮೇಲೆ ಹೂವೂ ಇಲ್ಲ, ಬಳ್ಳಿಯೂ ಇಲ್ಲ. ಇಳಿಸಲು ನಾಲ್ಕು ಆಳು ಬೇಕಾಯಿತು. ಸಾವಂತ್ರೆವ್ವನಿಗೆ ಹಿಗ್ಗು ತಡೆಯಲಿಲ್ಲ. ಸೆರಗು ಕಟ್ಟಿ ಆಗಲೇ ಜೋಳ ಹಾಕಿ ಬೀಸಿದಳು, ಬಿಸಿಬಿಸಿ ರೊಟ್ಟಿ ಬಡಿದಳು. ಹಿರಿಯರು ಸಾಲಾಗಿ ಕೂತರು, ಅಪ್ಪನೂ ಕೂತ.

ಮೊದಲ ತುತ್ತಿಗೇ ಎಲ್ಲರ ಹಲ್ಲು ಕಟಕಟ ಎಂದವು. ರೊಟ್ಟಿಯ ತುಂಬ ಹರಳು. ಒಬ್ಬೊಬ್ಬರೇ ತುತ್ತನ್ನು ತಾಟಿನಂಚಿಗಿಟ್ಟರು. ಅತ್ತೆ ಇಷ್ಟು ದಿನ ತಡೆದಿದ್ದ ಮಾತನ್ನು ಈಗ ಬಿಟ್ಟಳು.

"ಬೀಗರ, ಕಲ್ಲ ತಂದೀರೋ, ಉಸುಕಿನ ಚೀಲ ತಂದೀರೋ? ಹೆಂಗೂ ಗಾಡಿ ಖಾಲಿ ಹೊಂಟೈತಿ. ಹೇರಿಕೊಂಡ ಹೋಗ್ರಿ."

ಅಪ್ಪ ತನ್ನ ತಾಟಿನ ರೊಟ್ಟಿಯನ್ನು ಒಂದು ಚೂರೂ ಬಿಡದೆ ಅಗಿದು ನುಂಗಿದ. ಆಮೇಲೆ ಕೈ ತೊಳೆದು, ರುಮಾಲು ಸುತ್ತಿಕೊಂಡು, ಎತ್ತು ಹೂಡಲು ಎದ್ದ. ಸಾವಂತ್ರೆವ್ವ, ತನ್ನನ್ನು ಕೆಲಸಗೇಡಿ ಎಂದಿದ್ದರೆ ತಡೆದುಕೊಳ್ಳುತ್ತಿದ್ದಳು. ಆದರೆ ಗುಡ್ಡದ ಬಂಡೆಗಳನ್ನೆಲ್ಲ ಬಡಿದು ಆರಿಸಿದ ಅಪ್ಪ, ಅದೇ ಕಲ್ಲನ್ನು ಹೇರಿಕೊಂಡು ಊರೂರಿನ ಅಗಸಿಬಾಗಿಲ ಮುಂದೆ ತಲೆ ತಗ್ಗಿಸಿ ಹೋಗಬೇಕಲ್ಲ. ಅದನ್ನು ಅವಳು ನೋಡಲಾರಳು. ತಪ್ಪು ಕಲ್ಲಿನದೋ ತನ್ನದೋ ಅವಳಿಗೆ ತಿಳಿಯಲಿಲ್ಲ.

ಗಂಡನ ಅಜ್ಜಿ, ಎಲ್ಲರೂ ಆಯಿ ಎನ್ನುವ ಮುದುಕಿ, ಕಂಬಕ್ಕೊರಗಿ ಕೂತಿದ್ದಳು. ಹಲ್ಲೆಲ್ಲ ಬಿದ್ದು ಅವಳು ರೊಟ್ಟಿ ಬಿಟ್ಟು ಬಹಳ ಕಾಲವಾಗಿತ್ತು. ಅಂಬಲಿಯೇ ಅವಳ ಊಟ. ಮೆಲ್ಲಗೆ ಎದ್ದು ಬಂದು, ಕಲ್ಲಿನ ಬಾಯಿಗೆ ಬೆರಳು ಹಾಕಿ ಸವರಿದಳು.

"ಮೊದಲಿಗೆ ಏನ ಬೀಸಿದಿ ಮಗಳ?"

"ಜೋಳಾರೀ ಆಯಿ."

"ಅಯ್ಯ ಶಿವನ! ಹೊಟ್ಟು ಬೀಸಲಿಲ್ಲೇನ? ಹೊಸಾ ಕಲ್ಲಿನ ಬಾಯಾಗ ಉಳಿ ಎಬ್ಬಿಸಿದ ಹರಳ ಇರತೈತಿ. ನಾಕ ದಿನ ಹೊಟ್ಟು ಬೀಸಿ ತಿಪ್ಪಿಗೆ ಚೆಲ್ಲಬೇಕ. ಯಾರೂ ಹೇಳಲಿಲ್ಲೇನ ನಿನಗ?"

"ಅವ್ವ ಇಲ್ಲರೀ. ಅಜ್ಜಿಗೂ ಗೊತ್ತಿದ್ದಿಲ್ಲ ಅನಸತೈತಿ. ನಮ್ಮ ಮನಿ ಕಲ್ಲ ಹೊಸಾದಿದ್ದದ್ದ ಕಂಡವರ ಯಾರೂ ಇಲ್ಲ."

ಆಯಿ ಸಾವಂತ್ರೆವ್ವನ ಅತ್ತೆಯ ಕಡೆ ತಿರುಗಿದಳು. "ಕೇಳಿದಿಲ್ಲ? ಅಂಥಾ ಹಳೇ ಕಲ್ಲಿನ ರೊಟ್ಟಿ ಉಂಡ ಮನಿ ಕೂಸ ಇದು. ನಾ ಈ ಮನಿಗೆ ಬಂದಾಗಿಂದ ಹೊಸಾ ಸಂತಿ ಕಲ್ಲ ಬಂದಾಗೆಲ್ಲ ಹೊಟ್ಟು ನಾನ ಬೀಸೇನಿ, ನಿನಗ ಆ ಗೋಜ ಬರಲಿಲ್ಲ. ನನ್ನ ಕೈಯಾಗ ಸವದ ಕಲ್ಲೆಲ್ಲ ಎಲ್ಲಿ ಹೋದವು ಅಂತಿ? ನಮ್ಮ ಹೊಟ್ಟಿಗೇ ಹೋದವು! ಅವು ಸಣ್ಣಗ ಹೋದವು, ಗೊತ್ತಾಗಲಿಲ್ಲ. ಇದು ಒಂದ ದಿನ ಹಲ್ಲಿಗೆ ಹತ್ತಿದ್ದಕ್ಕ ಇಷ್ಟ ಗದ್ದಲ ಹಚ್ಚಿಯಲ್ಲ."

ಅತ್ತೆ ಮುಖ ಸಣ್ಣದು ಮಾಡಿಕೊಂಡಳು. ಎತ್ತಿನ ಹಗ್ಗ ಹಿಡಿದು ನಿಂತಿದ್ದ ಬೀಗನ ಕೈಯಿಂದ ಹಗ್ಗ ಬಿಡಿಸಿ, ಕೂತುಕೊಳ್ಳಿರೆಂದು ತಾನೇ ಕಂಬಳಿ ಹಾಸಿದಳು.

ಆಯಿ ಒಂದು ಮೊರ ಹೊಟ್ಟು ತರಿಸಿ, ಕಲ್ಲಿನ ಒಂದು ಬದಿಗೆ ಕಾಲು ಚಾಚಿ ಕೂತಳು. ಸಾವಂತ್ರೆವ್ವ ಎದುರಿಗೆ ಕೂತಳು. ಗೂಟದ ಮೇಲೆ ಇಬ್ಬರ ಕೈಯೂ ಬಿತ್ತು. ಮುದುಕಿಯ ತೋಳಲ್ಲಿ ಬಲವಿರಲಿಲ್ಲ, ಆದರೂ ಕೈ ತೆಗೆಯಲಿಲ್ಲ. ಅತ್ತೆ ನೋಡಲಾರದೆ, "ನಿಮಗ್ಯಾಕ ಆಯಿ ಈ ದಗದ? ರೊಟ್ಟಿ ತಿನ್ನಾಕ ನಿಮ್ಮ ಬಾಯಾಗ ಒಂದ ಹಲ್ಲರ ಐತೇನ?" ಎಂದಳು.

"ನನಗಿಲ್ಲದಿದ್ದರ ಏನಾತು? ಈ ಮನ್ಯಾಗ ಇನ್ನ ಹಲ್ಲ ಮೂಡೂ ಬಾಯಿ ಎಷ್ಟ ಅದಾವೋ."

ಕಲ್ಲು ತಿರುಗಿತು. ಹೊಟ್ಟು ಹುಡಿಯಾಗಿ, ಬೂದಿ ಬಣ್ಣಕ್ಕೆ ತಿರುಗಿ, ಸುತ್ತ ಬಿತ್ತು. ಸಾವಂತ್ರೆವ್ವ ಬೀಸುತ್ತ ಬೀಸುತ್ತ ತವರಿನ ಕಲ್ಲನ್ನು ನೆನೆದಳು. ಅದೂ ಒಂದು ದಿನ ಹೊಸದಾಗಿತ್ತು. ಅದರ ಮುಂದೆಯೂ ಯಾರೋ ಒಬ್ಬಳು ಹೀಗೆ ಕೂತು ಹೊಟ್ಟು ಬೀಸಿರಬೇಕು. ಅವಳ ಹೆಸರು ಯಾರಿಗೂ ಗೊತ್ತಿಲ್ಲ. ಅವಳ ಮುಖ ಕಂಡವರಿಲ್ಲ. ಆದರೆ ತಾನು ಹುಟ್ಟಿದಾಗಿನಿಂದ ಒಂದು ದಿನವೂ ರೊಟ್ಟಿಯಲ್ಲಿ ಹರಳು ಕಚ್ಚಿದವಳಲ್ಲ. ತಾಯಿಯಿಲ್ಲದವಳೆಂದು ಊರೆಲ್ಲ ಮರುಗುತ್ತಿದ್ದಾಗ, ಆ ಹೆಸರಿಲ್ಲದ ತಾಯಿ ದಿನಾ ತನಗೆ ಉಣ್ಣಿಸಿದ್ದಳು. ಇದು ಹೊಳೆದದ್ದೇ ತಡ ಅವಳು ಗೂಟ ಬಿಟ್ಟು, ಕಲ್ಲಿಗೆ ಹಣೆ ಮುಟ್ಟಿಸಿ, ಆ ತಾಯಿಗೆ ಶರಣೆಂದಳು. ಎದುರಿಗಿದ್ದ ಆಯಿಯ ಕಾಲಿಗೂ ಬಿದ್ದಳು. ಅಪ್ಪನ ಕಡೆ ನೋಡಿದರೆ ಅವನು ರುಮಾಲಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

ಅಪ್ಪ ಖಾಲಿ ಗಾಡಿ ಹೊಡೆದುಕೊಂಡು ಊರಿಗೆ ಹೋದ. ಇವರು ಹೊಟ್ಟು ಬೀಸಿದರು, ಹುರುಳಿ ಬೀಸಿದರು, ಮತ್ತೆ ಹೊಟ್ಟು ಬೀಸಿದರು. ಕಲ್ಲು ಹರಳು ಬಿಡುವುದನ್ನು ನಿಲ್ಲಿಸಿತು. ಸಾವಂತ್ರೆವ್ವ ಮತ್ತೊಮ್ಮೆ ಹಿರಿಯರಿಗೆ ಉಣಬಡಿಸಿದಳು. ಅತ್ತೆ ಎರಡನೆಯ ರೊಟ್ಟಿಯನ್ನು ತಾನೇ ಕೇಳಿ ಹಾಕಿಸಿಕೊಂಡಳು.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಆಯಿಗೆ ಆ ರೊಟ್ಟಿಯ ಒಂದು ತುತ್ತೂ ದಕ್ಕಲಿಲ್ಲವಲ್ಲ, ಬುದ್ಧೀ. ಹೋಗುವ ಕಾಲಕ್ಕೆ ಆಕೆ ಅಷ್ಟು ಕಷ್ಟಪಟ್ಟದ್ದೇಕೆ?" ಎಂದು ಕೇಳಿದ.

ಗುರುಗಳು ಹೇಳಿದರು: "ಇದ್ದೇ ಇರುವವನಿಗೆ ಎಂಥ ಕಲ್ಲಾದರೂ ನಡೆದೀತು, ಮಗು, ಸವೆದರೆ ಮತ್ತೊಂದು ತಂದಾನು. ಹೋಗುವವನೇ ನೋಡಿ ತರಬೇಕು."