ಸಂಪಿಗೆ ಸೋಪಿನ ಮೊದಲ ವಾರ

ಮಾದಪ್ಪಶೆಟ್ಟರ ಅಂಗಡಿಯಲ್ಲಿ ಗಲ್ಲಾದ ಪಕ್ಕದ ಜಾಗ ಬಟ್ಟೆ ಒಗೆಯುವ ಕೆಂಪು ಸೋಪಿನದು. ಒಂದು ಬೆಳಿಗ್ಗೆ ಹೊಸ ಸಂಪಿಗೆ ಸೋಪು ಬಂದು ಅಲ್ಲಿ ಕೂತಿತು. ಕೆಂಪು ಸೋಪನ್ನು ಮೇಲಿನ ಹಲಗೆಗೆ ಏರಿಸಿದರು.

"ಬೇಜಾರಾಗಬೇಡಿ ತಾತ," ಎಂದಿತು ಸಂಪಿಗೆ. "ಟಿವಿಯಲ್ಲೂ ನಾನೇ, ಪೇಪರಿನಲ್ಲೂ ನಾನೇ. ಸಂಜೆಯೊಳಗೆ ಖಾಲಿಯಾಗುತ್ತೇನೆ."

"ಆಗು," ಎಂದಿತು ಕೆಂಪು ಸೋಪು.

ವಾರವಿಡೀ ಜನ ಸಂಪಿಗೆಯ ಜಾಹೀರಾತಿನ ಹಾಡು ಗುನುಗುತ್ತ ಬಂದರು, ಕೆಂಪು ಸೋಪು ಕೊಂಡು ಗುನುಗುತ್ತಲೇ ಹೋದರು. ಸಂಪಿಗೆಯನ್ನು ಒಯ್ದವಳು ಒಬ್ಬ ಹೊಸ ಸೊಸೆ ಮಾತ್ರ.

"ನಾಳೆ ಇದನ್ನ ವಾಪಸ್ ಕಳಿಸಿಬಿಡ್ತೀನಿ," ಎಂದು ಶೆಟ್ಟರು ಗೊಣಗಿದರು.

ಸಂಪಿಗೆಯ ದನಿ ಉಡುಗಿತು. "ತಾತ, ನಿಮ್ಮ ಹೆಸರನ್ನೂ ಹೀಗೇ ಸಾರಿದ್ದರಾ?"

"ತಮಟೆ ಹೊಡೆಸಿದ್ದರು. ಊರೆಲ್ಲ ತಮಟೆ ನೋಡಿತು, ನನ್ನನ್ನು ನೋಡಲಿಲ್ಲ. ಆಮೇಲೆ ತಮಟೆಯವನ ಹೆಂಡತಿ ನನ್ನಿಂದ ಒಂದು ಸೀರೆ ಒಗೆದು ಒಣಗಹಾಕಿದಳು. ಆ ಘಮಕ್ಕೆ ಪಕ್ಕದ ಮನೆಯ ಪುಟ್ಟನಂಜಿ ಅಂಗಡಿಗೆ ಓಡಿಬಂದಳು. ಆಗ ಅವಳಿಗೆ ಮದುವೆಯಾದ ಹೊಸತು, ಕೈತುಂಬ ಹಸಿರು ಬಳೆ. ಅಂದಿನಿಂದ ನನ್ನನ್ನು ಬಿಟ್ಟವಳಲ್ಲ."

ಅಷ್ಟರಲ್ಲಿ ಪುಟ್ಟನಂಜಮ್ಮನೇ ಕೋಲೂರಿಕೊಂಡು ಬಂದಳು. ಕೆಂಪು ಸೋಪು ರೂಢಿಯಂತೆ ಹಲಗೆಯ ಅಂಚಿಗೆ ಸರಿಯಿತು.

"ಶೆಟ್ರೇ, ಪಕ್ಕದ ಮನೆ ಸೊಸೆ ಬಟ್ಟೆ ಒಣಗಾಕವ್ಳೆ. ಸಂಪಿಗೆ ಮರದಡಿ ನಿಂತಂಗಾಯ್ತದೆ. ಅದ್ಯಾವ್ ಸೋಪೋ, ಹೆಸ್ರು ಗೊತ್ತಿಲ್ಲ. ಅದ್ನೇ ಕೊಡಿ."

ಸಂಪಿಗೆ ತಲೆಯೆತ್ತಿ ತಾತನನ್ನು ನೋಡಿತು.

"ಹೋಗು," ಎಂದಿತು ಕೆಂಪು ಸೋಪು. "ಅವಳ ಕೈ ಒರಟು. ಆದರೆ ಸವೆದು ಚೂರಾದರೂ ಎಸೆಯುವವಳಲ್ಲ."