ಗೆರೆ ಬಿಡದ ಕಾರು, ಮಾತು ಬಿಡದ ತಿಪ್ಪೇಶ

ದಾವಣಗೆರೆಯಲ್ಲಿ ಹೊನ್ನೂರಮ್ಮ ಅಂತ ಒಬ್ಬಳಿದ್ದಳು. ಮಂಡಕ್ಕಿ ಭಟ್ಟಿಯ ಮುಂದೆ ಬೆಂದು, ಸ್ವಂತ ಭಟ್ಟಿ ಕಟ್ಟಿ, ಕಾರೂ ಕೊಂಡವಳು. ಯಾರ ಮಾತೂ ಕೇಳದವಳು. ಅವಳಿಗೊಬ್ಬ ಮಗ, ತಿಪ್ಪೇಶ. ಅವನೋ, ಯಾರು ಏನೇ ಹೇಳಲಿ, ಹೇಳಿದ ಹಾಗೇ ಮಾಡುವವನು. ಏಳು ಮನೆಯವರು ಹೆಣ್ಣು ಕೊಡುವುದಿಲ್ಲ ಅಂದಿದ್ದರು. ಎಂಟನೆಯದು ಹಿರಿಯೂರಿನ ಮನೆ. ಬುಧವಾರ ಹನ್ನೆರಡಕ್ಕೆ ರಾಹುಕಾಲ. ಅಷ್ಟರೊಳಗೆ ಅವರ ಹೊಸ್ತಿಲು ದಾಟಬೇಕು.

ಷೋರೂಮಿನವನು ತಿಪ್ಪೇಶನಿಗೆ ಹೇಳಿಕೊಟ್ಟಿದ್ದ: “ರಸ್ತೆಯ ಬಿಳಿ ಗೆರೆ ದಾಟಿದರೆ ಸ್ಟೀರಿಂಗ್ ತಾನೇ ಒಳಕ್ಕೆ ಎಳೆಯುತ್ತೆ. ಕಾರು ಹೇಳಿದ ಹಾಗೆ ಕೇಳಿ ಸಾರ್.”

ಸರಿ, ಹೊರಟರು. ಭರಮಸಾಗರದ ಹತ್ತಿರ ಎಮ್ಮೆಯೊಂದು ಅಡ್ಡ ಮಲಗಿತ್ತು. ತಿಪ್ಪೇಶ ಪಕ್ಕಕ್ಕೆ ತಿರುಗಿಸಿದ, ಸ್ಟೀರಿಂಗ್ ಒಳಕ್ಕೆ ಎಳೆಯಿತು. ಕಾರು ನಿಲ್ಲಿಸಿ ಕೂತುಬಿಟ್ಟ. ಹತ್ತು ನಿಮಿಷ ಆಯಿತು, ಇಪ್ಪತ್ತು ನಿಮಿಷ ಆಯಿತು. ಎಮ್ಮೆ ಮೆಲುಕು ಹಾಕುತ್ತಲೇ ಇತ್ತು.

“ಯಾಕೋ ನಿಂತೆ?”

“ಕಾರು ಬೇಡ ಅಂತು ಅವ್ವ.”

“ಎಮ್ಮೆಗಿಂತ ಎಮ್ಮೆ ನೀನು. ಇಂಡಿಕೇಟರ್ ಹಾಕಿದರೆ ಅದು ಸುಮ್ಮನಿರುತ್ತೆ. ಹಾಕಿಕೊಂಡು ಹೋಗೋ.”

ಹಾಕಿಕೊಂಡೇ ಹೋದ. ಎಮ್ಮೆಯನ್ನು ದಾಟಿ ಎಡಕ್ಕೆ ಬಂದ ಮೇಲೂ ಎಡದ ಇಂಡಿಕೇಟರ್ ಟಿಕ್ ಟಿಕ್ ಅನ್ನುತ್ತಿತ್ತು, ಸ್ಟೀರಿಂಗ್ ಸುಮ್ಮನಿತ್ತು. ಕಾರು ಮೆಲ್ಲಗೆ ಗೆರೆ ಬಿಟ್ಟು, ರಸ್ತೆಯಂಚಿಗೆ ಒಣಹಾಕಿದ್ದ ಮೆಕ್ಕೆಜೋಳದ ಮೇಲೆ ಬರಬರನೆ ಹತ್ತಿತು.

ಕಾವಲು ಕೂತಿದ್ದ ಮುದುಕಿ ಎದ್ದು ಬಂದಳು. “ಏನವ್ವ, ಒಕ್ಕೋಕೆ ನಮ್ಮದೇ ಟ್ರ್ಯಾಕ್ಟರ್ ಇತ್ತಲ್ಲ, ನೀನ್ಯಾಕೆ ಕಾರು ತಂದೆ?”

“ಗೆರೆ ಬಿಟ್ಟದ್ದು ಗೊತ್ತಾಗಲಿಲ್ಲವೇನೋ?” ಅಂದಳು ಹೊನ್ನೂರಮ್ಮ.

“ಕಾರು ಏನೂ ಅನ್ನಲಿಲ್ಲವಲ್ಲ ಅವ್ವ.”

ಅವಳಿಗೆ ರೇಗಿಹೋಯಿತು. “ಕಾರಿನ ಮಾತು ಕೇಳಿದ್ದು ಸಾಕು. ಅದಾಗಲಿ, ಯಾರಾಗಲಿ, ಆ ಕಡೆ ಎಳೆದರೆ ನೀನು ಈ ಕಡೆ ಎಳಿ. ನಾನು ಬದುಕಿದ್ದೇ ಹಾಗೆ.”

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಹಿರಿಯೂರು ಮುಟ್ಟಿದರು. ಹೆಣ್ಣಿನ ತಂದೆ ಬೋರಣ್ಣ, “ಬನ್ನಿ ಬನ್ನಿ, ರಾಹುಕಾಲ ಬಂತು” ಅಂತ ತಿಪ್ಪೇಶನ ಕೈ ಹಿಡಿದು ಒಳಕ್ಕೆ ಎಳೆದರು. ತಿಪ್ಪೇಶ ಹೊರಕ್ಕೆ ಎಳೆದ. ಅವರು ಒಳಕ್ಕೆ, ಇವನು ಹೊರಕ್ಕೆ. ಅವರು ಒಳಕ್ಕೆ, ಇವನು ಹೊರಕ್ಕೆ.

“ಬಿಡೋ” ಅಂದಳು ಹೊನ್ನೂರಮ್ಮ. ಬಿಟ್ಟ. ಬೋರಣ್ಣ ಹೋಗಿ ನಡುಮನೆಯಲ್ಲಿ ಅಂಗಾತ ಬಿದ್ದರು. ಗಡಿಯಾರ ಹನ್ನೆರಡು ಹೊಡೆಯಿತು.

“ಇದನ್ನೆಲ್ಲ ಇವನಿಗೆ ಯಾರು ಹೇಳಿಕೊಟ್ಟರು?” ಬಿದ್ದಲ್ಲಿಂದಲೇ ಕೇಳಿದರು.

ಯಾರ ಮುಂದೆಯೂ ತಲೆ ತಗ್ಗಿಸದ ಹೊನ್ನೂರಮ್ಮ ತಗ್ಗಿಸಿದಳು. “ನಾನೇ.”

ಬಾಗಿಲ ಮರೆಯಲ್ಲಿ ಹುಡುಗಿ ನಾಗವೇಣಿ ನಗುತ್ತಿದ್ದಳು. “ಅಪ್ಪಾ, ಹೇಳಿದ ಹಾಗೆ ಕೇಳೋ ಗಂಡ ಎಲ್ಲಿ ಸಿಗ್ತಾನೆ? ಹೇಳೋರು ಸರಿಯಿಲ್ಲ, ಅಷ್ಟೆ. ನಾನು ಹೇಳ್ತೀನಿ ನೋಡು.” ತಿಪ್ಪೇಶನ ಕಡೆ ತಿರುಗಿದಳು. “ರೀ, ಕಾರು ಬಿಸಿಲಲ್ಲಿದೆ. ಬೇವಿನ ಮರದ ನೆರಳಲ್ಲಿರಲಿ.”

ಹೋಗಿ ನೆರಳಲ್ಲಿ ನಿಲ್ಲಿಸಿ, ಅಲ್ಲೇ ಕೂತ. ಊಟವೂ ಅಲ್ಲಿಗೇ ಹೋಯಿತು. ರಾಹುಕಾಲ ಕಳೆದ ಮೇಲೆ ಒಳಗೆ ಮಾತುಕತೆ ನಡೆಯಿತು, ತಾಂಬೂಲದ ತಟ್ಟೆ ಬಂತು. ಹೊತ್ತು ಇಳಿಯಿತು. ನೆರಳು ಸರಿಯಿತು, ಕಾರೂ ಸರಿಯಿತು. ನೆರಳು ಅಂಗಳಕ್ಕೆ ಬಂತು, ಕಾರೂ ಬಂತು. ನೆರಳು ಜಗಲಿ ಹತ್ತಿತು.

ಧಡಾರ್ ಅಂತ ಸದ್ದಾಯಿತು. ನೋಡಿದರೆ ಕಾರಿನ ಮೂತಿ ಜಗಲಿಯ ಮೇಲೆ. ಕಿಟಕಿಯಿಂದ ತಿಪ್ಪೇಶ ಕೂಗಿ ಕೇಳಿದ: “ನಾಗವೇಣಿಯವರೇ, ನೆರಳು ಗೋಡೆ ಹತ್ತುತ್ತಾ ಇದೆ. ಏನು ಮಾಡಲಿ?”

ಎಲ್ಲರೂ ಹೊನ್ನೂರಮ್ಮನ ಮುಖ ನೋಡಿದರು. ಅವಳು ತಟ್ಟೆಯಿಂದ ಒಂದು ವೀಳ್ಯದೆಲೆ ತೆಗೆದು, ನಿಧಾನವಾಗಿ ಸುಣ್ಣ ಸವರಿದಳು.

“ನನ್ನನ್ನು ಯಾಕೆ ನೋಡ್ತೀರಿ? ಈ ಸಲ ಹೇಳಿದ್ದು ನಾನಲ್ಲ.”