ಅಳಿವೆಗೆ ಬಯಕೆ ಬಡಿಸಿದ ಹಮ್ಮಕ್ಕ

ಹಿಂದೆ, ಎಷ್ಟು ಹಿಂದೆ ಅಂತ ಕೇಳಬೇಡಿ, ನನ್ನ ಅಜ್ಜಿಯ ಅಜ್ಜಿಗೂ ಗೊತ್ತಿರಲಿಲ್ಲ, ಹೊಳೆ ಕಡಲಿಗೆ ಸೇರುವ ಅಳಿವೆಯ ದಡದಲ್ಲಿ ಒಂದೂರು. ಆ ಊರಿನಲ್ಲಿ ಹಮ್ಮಕ್ಕ ಅಂತ ಒಬ್ಬಳಿದ್ದಳಂತೆ. ನೀರು ಇಳಿದ ಹೊತ್ತಿಗೆ ಕೆಸರಿಗಿಳಿದು, ಕಾಲ್ಬೆರಳಲ್ಲೇ ತಡಕಿ ಬಳಚು ಹೆಕ್ಕುವುದು ಅವಳ ಕೆಲಸ. ಬಳಚು ಅಂದರೆ ಎರಡು ಚಿಪ್ಪಿನ ನಡುವೆ ಬಾಯಿ ಮುಚ್ಚಿಕೊಂಡು ಕೂತ ಜೀವ, ಬಡವರ ಪಾಲಿನ ಮೀನು. ಹಮ್ಮಕ್ಕನಿಗೆ ಬುಟ್ಟಿಗಿಂತ ಕುತೂಹಲ ದೊಡ್ಡದಂತೆ. ಏಡಿ ಯಾಕೆ ಅಡ್ಡ ನಡೆಯುತ್ತದೆ, ಇಳಿದ ನೀರು ಎಲ್ಲಿ ಹೋಗಿ ಮಲಗುತ್ತದೆ ಅಂತ ಕಂಡಕಂಡವರನ್ನು ಕೇಳುವಳು. ಕೆಲಸವಿದ್ದವರು ಅವಳನ್ನು ಕಂಡರೆ ಬೇರೆ ದಾರಿ ಹಿಡಿಯುತ್ತಿದ್ದರಂತೆ.

ಆ ಕಾಲಕ್ಕೆ ಘಟ್ಟದ ಮೇಲಿನ ಅರಸನೊಬ್ಬ ಅರಮನೆ ಕಟ್ಟಿಸಲು ಹೊರಟ. ಅರಮನೆಗೆ ಗಾರೆ ಬೇಕು, ಗಾರೆಗೆ ಸುಣ್ಣ ಬೇಕು, ಸುಣ್ಣಕ್ಕೆ ಚಿಪ್ಪು ಬೇಕು. ಚಿಪ್ಪು ಇರುವುದು ಹಮ್ಮಕ್ಕನ ಅಳಿವೆಯಲ್ಲಿ. ಊರಿನ ಗೋಯ್ದಪ್ಪ ದಡದ ಮೇಲೆ ಸುಣ್ಣದ ಗೂಡು ಕಟ್ಟಿದ. ಮೊದಮೊದಲು ಸತ್ತ ಚಿಪ್ಪು ಸುಟ್ಟರು. ಅದು ಮುಗಿದ ಮೇಲೆ ಹಾರೆ ಹಾಕಿ ಜೀವಂತ ಬಳಚನ್ನೂ, ಉಗುರಿನಷ್ಟಿದ್ದ ಮರಿಯನ್ನೂ ಮೀಟಿ ಗೂಡಿಗೆ ಸುರಿದರಂತೆ. ಬೇಡ ಅಂದವರು ಯಾರೂ ಇಲ್ಲ. ಗೂಡು ಉರಿದರೆ ಎಲ್ಲರ ಮನೆಯ ಒಲೆಯೂ ಉರಿಯುತ್ತಿತ್ತಲ್ಲ. ಹಮ್ಮಕ್ಕನೂ ಬುಟ್ಟಿ ಹೊತ್ತಳಂತೆ. ಮುಗಿದುಹೋಗಲಿಕ್ಕೆ ಕಡಲೇನು ಅಕ್ಕಿ ಡಬ್ಬಿಯೇ ಅಂತ ಊರವರ ಮಾತು.

ಕಾಲ ಕಳೆಯಿತು. ಮಳೆಗಾಲ ಮುಗಿದರೂ ಹೊಳೆ ತಿಳಿಯಾಗಲಿಲ್ಲ, ರಾಡಿಯಾಗಿಯೇ ಉಳಿಯಿತು. ಮೀನು ಒಳಗೆ ಬರುವುದು ಬಿಟ್ಟಿತು. ದೈವಕ್ಕೆ ಸಿಟ್ಟು ಬಂದಿದೆ ಅಂದರು ಕೆಲವರು, ಹರಕೆ ಬಾಕಿ ಇದೆ ಅಂದರು ಕೆಲವರು. ಕೋಳಿ ಕೊಯ್ದದ್ದೂ ಆಯಿತು. ಕೋಳಿ ಹೋಯಿತು, ರಾಡಿ ಹೋಗಲಿಲ್ಲ.

ಹೀಗಿರುವಾಗ ಹಮ್ಮಕ್ಕನ ಮಗಳು ಸಣ್ತಂಗಿ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಳು. "ಅವ್ವಿ, ನಂಗೆ ಮತ್ತೆಂತದೂ ಬ್ಯಾಡ. ಬಳಚಿನ ಸಾರು ಉಣ್ಬೇಕು ಅನಸ್ತದೆ" ಅಂದಳಂತೆ. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ, ಇದು ಎಲ್ಲರಿಗೂ ಗೊತ್ತಿದ್ದದ್ದೇ. ಹಮ್ಮಕ್ಕ ಅಳಿವೆಯ ಉದ್ದಗಲ ತಡಕಿದಳು. ಎಲ್ಲಿ ಕಾಲಿಟ್ಟರೂ ಬರೀ ಕೆಸರು. ಕೊನೆಗೆ ಹಾರೆ ಇನ್ನೂ ತಲುಪದ ಒಂದು ಬಂಡೆಯ ಬುಡದಲ್ಲಿ ಒಂದು ಮಡಿಲಿನಷ್ಟು ಬಳಚು ಸಿಕ್ಕಿತಂತೆ.

ಮರಳು ಉಗುಳಲಿ ಅಂತ ಅದನ್ನು ಹೊಳೆಯ ನೀರು ತುಂಬಿದ ಮಡಕೆಗೆ ಹಾಕಿ ಕಾಯಿ ಅರೆಯಲು ಕೂತಳು. ಅರೆದು ಬರುವಷ್ಟರಲ್ಲಿ ಮಡಕೆಯ ನೀರು ತಿಳಿಯಾಗಿ ತಳದ ಚಿಪ್ಪು ಕಾಣುತ್ತಿತ್ತು. ಪಕ್ಕದ ಮಡಕೆಯಲ್ಲಿ ಅದೇ ಹೊಳೆಯ ನೀರು, ಅದು ಮಾತ್ರ ಇನ್ನೂ ರಾಡಿ. ಕುತೂಹಲದವಳು ಬಿಡುತ್ತಾಳೆಯೇ? ಬಳಚನ್ನು ಎತ್ತಿ ರಾಡಿಯ ಮಡಕೆಗೆ ಹಾಕಿದಳು. ಸ್ವಲ್ಪ ಹೊತ್ತಿಗೆ ಅದೂ ತಿಳಿಯಾಯಿತು. ಮತ್ತೆ ಹೊಳೆಯಿಂದ ನೀರು ತಂದಳು, ಮತ್ತೆ ಹಾಕಿದಳು. ಅರೆದ ಮಸಾಲೆ ಕಲ್ಲಿನ ಮೇಲೆಯೇ ಒಣಗಿತಂತೆ.

"ಸಾರು ಮಾಡ್ತ್ಯೋ, ಬಳಚಿಗೆ ಜೋಗುಳ ಹಾಡ್ತ್ಯೋ?" ಅಂತ ಮಗಳು ಕೇಳಿದಳು.

ಹಮ್ಮಕ್ಕ ಕೂತಲ್ಲೇ ಅತ್ತಳಂತೆ. ಹೊಳೆಯನ್ನು ತೊಳೆಯುತ್ತಿದ್ದವರನ್ನೇ ನಾವು ಸುಟ್ಟುಬಿಟ್ಟೆವಲ್ಲ ಅಂದಳಂತೆ. ಉಳಿದ ಬೀಜ ಇಷ್ಟೇ, ಇದು ಸಾರಾದರೆ ಹೊಳೆ ಎಂದೆಂದಿಗೂ ರಾಡಿ. ಬಿಟ್ಟುಬಂದರೆ ಮೊಮ್ಮಗುವಿನ ಕಿವಿ. ಸಣ್ತಂಗಿಗೆ ಮೊದಲು ಸಿಟ್ಟು ಬಂತು, ಗೋಡೆಯ ಕಡೆ ತಿರುಗಿ ಕೂತಳು. ಆಮೇಲೆ ಮೆಲ್ಲಗೆ ಎದ್ದು ಬಂದು ತುಂಬಾ ಹೊತ್ತು ಮಡಕೆಯೊಳಗೆ ನೋಡಿದಳಂತೆ.

"ಕಿವಿ ಸೋರಿದ್ರೆ ನಾ ಒರಸ್ಕಳ್ತೆ. ತಕಂಡು ಹೋಗು."

ಆದರೆ ಹೊಳೆಗೆ ಬಿಟ್ಟರೂ ಅದು ಹಾರೆಯ ಬಾಯಿಂದ ಉಳಿಯಬೇಕಲ್ಲ? ಆಗ ಭೂಮಿ ಹುಣ್ಣಿಮೆ ಹತ್ತಿರ ಬಂದಿತ್ತು. ತೆನೆ ಹೊತ್ತ ಗದ್ದೆಯನ್ನು ಬಸುರಿ ಅಂತ ಕರೆದು, ಬಯಕೆಯ ಊಟ ಬಡಿಸುವ ಹಬ್ಬ ಅದು. ಹಮ್ಮಕ್ಕ ಮನೆಮನೆಗೆ ಹೋಗಿ ಕೇಳಿದಳಂತೆ, ನಮಗೆ ಗದ್ದೆ ಎಲ್ಲಿದೆ? ನಾವು ಉಣ್ಣುವುದು ಅಳಿವೆಯದ್ದು. ಹಾಗಾದರೆ ಅಳಿವೆ ಬಸುರಿಯಾಗುವುದಿಲ್ಲವೇ? ಅವಳ ಪ್ರಶ್ನೆಗೆ ಹೆದರಿ ಬೇರೆ ದಾರಿ ಹಿಡಿಯುತ್ತಿದ್ದ ಹೆಂಗಸರು ಅವತ್ತು ನಿಂತು ಯೋಚಿಸಿದರಂತೆ.

ಹಬ್ಬದ ಬೆಳಿಗ್ಗೆ ಹೆಂಗಸರೆಲ್ಲ ಕೆಸರಿಗಿಳಿದರು. ಸಣ್ತಂಗಿಗೆಂದು ಮಾಡಿದ ಕಡುಬನ್ನೇ ಬಾಳೆ ಎಲೆಯಲ್ಲಿ ಅಳಿವೆಗೆ ಬಡಿಸಿದರು. ಅರಿಸಿನ ಕುಂಕುಮ ಇಟ್ಟರು. ಬಂಡೆಯ ಬುಡದಲ್ಲಿ ಬಳಚು ಬಿಟ್ಟು, ಹುಟ್ಟಲಿರುವ ಕೂಸಿಗೆಂದು ತಂದಿದ್ದ ಪುಟ್ಟ ಹಸಿರು ಬಳೆಯನ್ನು ಹಮ್ಮಕ್ಕ ಅದರ ಮೇಲಿನ ಕೆಸರಿನಲ್ಲಿ ಊರಿದಳಂತೆ.

ಮರುದಿನ ಗೋಯ್ದಪ್ಪ ಹಾರೆ ಹಿಡಿದು ಬಂದ. ಆಳುಗಳು ದಡದಲ್ಲೇ ನಿಂತರು. ಬಸುರಿಯ ಹೊಟ್ಟೆಗೆ ಹಾರೆ ಹಾಕುವ ಗಂಡಸು ಯಾರು? ಸಿಟ್ಟಿನಿಂದ ತಾನೇ ಇಳಿಯಹೋದರೆ, ಎದುರಿಗೆ ಅವನ ಹೆಂಡತಿಯೇ ನಿಂತಿದ್ದಳು.

"ಹೆರಿಗೆ ಆಗೂತನ್ಕ ಗೂಡಿಗೆ ಬೆಂಕಿ ಬ್ಯಾಡ" ಅಂದಳು.

ಹೆರಿಗೆ ಯಾವಾಗ ಅಂತ ಅವನು ಹಮ್ಮಕ್ಕನನ್ನು ಕೇಳಿದನಂತೆ. ನಾನೂ ಅದನ್ನೇ ಕಾದು ನೋಡುತ್ತಿದ್ದೇನೆ ಅಂದಳಂತೆ ಅವಳು. ಗೂಡು ಆರಿತು, ಮತ್ತೆ ಹೊತ್ತಲಿಲ್ಲ. ಆ ವರ್ಷ ಊರು ಗಂಜಿ ಕುಡಿದೇ ದಿನ ತಳ್ಳಿತಂತೆ. ಅರಮನೆ ಅರ್ಧಕ್ಕೇ ನಿಂತಿತು ಅನ್ನುತ್ತಾರೆ. ಇಲ್ಲ, ಅರಸ ಬೇರೆ ಅಳಿವೆಯಿಂದ ಸುಣ್ಣ ತರಿಸಿದ ಅಂತಲೂ ಅನ್ನುತ್ತಾರೆ. ನನಗೆ ಎರಡನೆಯದೇ ನಿಜ ಅನಿಸುತ್ತದೆ, ಅರಸರನ್ನು ನಾನು ಬಲ್ಲೆ.

ಹೊಳೆ ತಿಳಿಯಾಗಲು ವರ್ಷಗಳೇ ಹಿಡಿದವಂತೆ. ಈಗಲೂ ಆ ಊರಿನ ಹೆಂಗಸರ ಬುಟ್ಟಿಯಲ್ಲಿ ಕೂಸಿನ ಹಸಿರು ಬಳೆ ಒಂದಿರುತ್ತದೆ. ಬಳೆಯೊಳಗಿಂದ ಜಾರುವಷ್ಟು ಸಣ್ಣ ಬಳಚು ವಾಪಸು ಕೆಸರಿಗೆ. ಭೂಮಿ ಹುಣ್ಣಿಮೆಯ ಮೊದಲ ಎಲೆ ಅಳಿವೆಗೇ.

ಕೂಸಿನ ಕಿವಿ ಏನಾಯಿತು ಅಂತೀರಾ? ಸೋರಿತಂತೆ, ಒಂದೇ ಕಿವಿ, ಮುದುಕನಾಗುವವರೆಗೂ. ಅವನು ಅದನ್ನು ಒರೆಸಿಕೊಂಡು ದಡದಲ್ಲಿ ಕೂತು ನೀರಿನ ತಳ ನೋಡುತ್ತಿದ್ದನಂತೆ. ಅದಕ್ಕೇ ಆ ಊರಿನಲ್ಲಿ ಮಗುವಿನ ಕಿವಿ ಸೋರಿದರೆ ತಾಯಿ ಮದ್ದು ಹಾಕುವ ಮೊದಲು ಅಳಿವೆಗೆ ಎತ್ತಿಕೊಂಡು ಹೋಗಿ, "ನಿನ್ ಕಿವಿ ಇರ್ಲಿ ಮಗಾ, ಮೊದ್ಲು ತಳ ಕಾಣ್ತದ್ಯಾ ನೋಡು" ಅನ್ನುತ್ತಾಳೆ.